ಜೋಡಿ ಸಿಗದ ಪೈಲ್ವಾನ

ಹೊಸದಾಗಿ ದೈಹಿಕ ಶಿಕ್ಷಕರಾಗಿ ಸೇರಿರುವ ತಮ್ಮಂದಿರೇ, ತಂಗಿಯರೇ, ತರಬೇತಿಯಲ್ಲಿ ನಿಮಗೆ ಶಿಳ್ಳೆ ಊದುವುದನ್ನು ಚೆನ್ನಾಗಿ ಕಲಿಸಿರುತ್ತಾರೆ. ಊದಿದ ಮೇಲೆ ಬಾಯಿ ತೆರೆದು ಏನು ಹೇಳಬೇಕು ಎಂಬುದನ್ನು ಯಾರೂ ಕಲಿಸುವುದಿಲ್ಲ. ನನ್ನ ನೌಕರಿ ಪೂರ್ತಿ ಆ ಎರಡನೆಯ ಕೆಲಸದಲ್ಲೇ ಕಳೆಯಿತು. ರೋಣ ತಾಲೂಕಿನ ಹೈಸ್ಕೂಲುಗಳಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ರಜೆ ಬಂತೆಂದರೆ ಸುತ್ತಲಿನ ಊರುಗಳ ಕುಸ್ತಿ ಕಣದಲ್ಲಿ ಪಂಚನಾಗಿ ನಿಲ್ಲುತ್ತಿದ್ದೆ. ಪಂಚ ಅಂದರೆ ಯಾರು ಗೆದ್ದರು, ಯಾರು ಸೋತರು ಎಂದು ಹೇಳುವವ. ಹೇಳುವವನಿಗೆ ಗೊತ್ತಿರುತ್ತದೆ ಎಂದು ಜನ ನಂಬಿರುತ್ತಾರೆ. ಆ ನಂಬಿಕೆಯ ಮೇಲೆಯೇ ನಮ್ಮ ಬೇಳೆ ಬೇಯುವುದು.

ನಿವೃತ್ತನಾದ ಮೇಲೆ ಈ ಕಾಟ ತಪ್ಪಿತು ಎಂದುಕೊಂಡು ಗಜೇಂದ್ರಗಡದಲ್ಲಿ ಮನೆ ಮಾಡಿಕೊಂಡೆ. ಸಂಜೆ ಚಹಾ ಕುಡಿಯಲು ಹೋಗುವ ಅಂಗಡಿಯಲ್ಲಿ ಹೋದ ವರ್ಷ ಒಂದು ಜಗಳ ಹತ್ತಿಕೊಂಡಿತು. ಜಗತ್ತಿನಲ್ಲಿ ಇದುವರೆಗೆ ಆಗಿಹೋದ ಹೆವಿವೇಟ್ ಬಾಕ್ಸರುಗಳಲ್ಲಿ ಎಲ್ಲರಿಗಿಂತ ದೊಡ್ಡವ ಯಾರು ಎಂಬುದೇ ಜಗಳ. ಒಂದು ಕಡೆ ಮೆಹಬೂಬ, ಹಳೆಯ ಗರಡಿಮನೆಯ ಬಾಜೂಕ್ಕೆ ಹೊಸ ಜಿಮ್ ತೆರೆದವನು. ಇನ್ನೊಂದು ಕಡೆ ಅವನ ಜೀವದ ಗೆಳೆಯ ವೀರೇಶ, ಬೀಜದ ಅಂಗಡಿಯವನು. ಒಮ್ಮೆಯೂ ಸೋಲದವನೇ ದೊಡ್ಡವ ಎಂದು ಮೆಹಬೂಬನ ವಾದ. ಕರೆದವರ ಕೂಡೆಲ್ಲ ಆಡಿ, ಸೋತು, ಮತ್ತೆ ಎದ್ದು ಬಂದು ಗೆದ್ದವನೇ ದೊಡ್ಡವ ಎಂದು ವೀರೇಶನ ವಾದ. ನೀವು ಹೇಳಿರಿ ಮಾಸ್ತರ ಎಂದು ಇಬ್ಬರೂ ತಮ್ಮ ತಮ್ಮ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದರು.

ನೋಡಿದೆ. ಮೆಹಬೂಬನ ಬಾಕ್ಸರನನ್ನು ನೋಡಿದಾಗ ಇವನೇ ದೊಡ್ಡವ ಅನಿಸಿತು. ವೀರೇಶನವನನ್ನು ನೋಡಿದಾಗ ಇಲ್ಲ, ಇವನೇ ಅನಿಸಿತು. ಹಳೆಯ ಕಾಲದ ಒಬ್ಬ ಕಪ್ಪು ಬಿಳುಪು ಚಿತ್ರದಲ್ಲಿ ಎಷ್ಟು ಲಗೂ ಹೊಡೆಯುತ್ತಿದ್ದನೆಂದರೆ, ಅವನು ಓಡುತ್ತಿದ್ದನೋ ಚಿತ್ರ ಓಡುತ್ತಿತ್ತೋ ತಿಳಿಯಲಿಲ್ಲ. ಆಗ ಇವನು ಇದ್ದಿದ್ದರೆ, ಈಗ ಅವನು ಇದ್ದಿದ್ದರೆ ಎಂದು ಇಬ್ಬರೂ ಶುರು ಮಾಡಿದರು. ನನಗೆ ತಲೆ ಚಿಟ್ಟು ಹಿಡಿದು ಚಹಾ ಬಿಟ್ಟು ಮನೆಗೆ ಬಂದೆ.

ಜಗಳಕ್ಕೆ ಕಾರಣ ಒಂದು ಮೊಳೆ. ಜಿಮ್ಮಿನ ಬಾಗಿಲ ಮೇಲೆ ಫೋಟೋ ಹಾಕಲು ಮೆಹಬೂಬ ಮೊಳೆ ಹೊಡೆದಿದ್ದ. ಪರದೇಶದ ಬಾಕ್ಸರನ ಫೋಟೋ ಹಾಕಬೇಕೆಂದಿದ್ದ. ಗರಡಿಯ ಹಿರಿಯರು, ನಮ್ಮ ಕಡೆಯ ಪೈಲ್ವಾನರು ಸತ್ತುಹೋಗಿದ್ದಾರೇನು ಎಂದು ಕೇಳಿದರು. ಹಾಗಾಗಿ ಜಗಳ ಜಗತ್ತಿನಿಂದ ಇಳಿದು ರೋಣ, ನರಗುಂದ, ಗಜೇಂದ್ರಗಡಕ್ಕೆ ಬಂದು ಕುಂತಿತು. ನಮ್ಮ ಸೀಮೆಯ ಭಾರಿ ಮೈಯಿನ ಪೈಲ್ವಾನರಲ್ಲಿ ದೊಡ್ಡವ ಯಾರು? ಮೆಹಬೂಬ ಲಕ್ಕಲಕಟ್ಟಿಯ ಗಡಿಗೆಪ್ಪ ಅಂದ, ಯಾಕೆಂದರೆ ಗಡಿಗೆಪ್ಪ ಒಮ್ಮೆಯೂ ಸೋತವನಲ್ಲ. ವೀರೇಶ ಗಜೇಂದ್ರಗಡದ ದಾವಲಸಾಬ ಅಂದ, ಯಾಕೆಂದರೆ ದಾವಲಸಾಬ ಸೋತು ಸೋತು ಕಡೆಗೆ ನರಗುಂದದಲ್ಲಿ ಬೆಳ್ಳಿಯ ಗದೆ ಗೆದ್ದವ. ಇಬ್ಬರನ್ನೂ ಕಣದಲ್ಲಿ ಹತ್ತಿರದಿಂದ ಕಂಡ ಪಂಚನಾಗಿ ಉಳಿದವನು ನಾನೊಬ್ಬನೇ.

"ನೀವು ಅಂದದ್ದಽ ಆಖೈರ್ರಿ ಮಾಸ್ತರ, ಅದಽ ಕಡೀ ಮಾತು," ಇಬ್ಬರೂ ಅಂದರು.

ಗಡಿಗೆಪ್ಪ ಸೋತಿರಲಿಲ್ಲ, ಖರೆ. ಆದರೆ ಅವನು ಕಣದಲ್ಲಿ ಆಡಿಯೂ ಇರಲಿಲ್ಲ. ಅದು ಹ್ಯಾಗೆ ಎಂಬುದು ತಿಳಿಯಬೇಕಾದರೆ ನಮ್ಮ ಕೆಲಸ ಹ್ಯಾಗೆ ನಡೆಯುತ್ತಿತ್ತು ಎಂಬುದು ನಿಮಗೆ ಗೊತ್ತಿರಬೇಕು.

ಬಾಕ್ಸಿಂಗಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಾನೂ ಜೀವನದಲ್ಲಿ ಒಂದು ಬಾಕ್ಸಿಂಗ್ ನಡೆಸಿದ್ದೇನೆ. ನೌಕರಿಗೆ ಸೇರಿದ ಹೊಸತರಲ್ಲಿ ಮೇಲಿನಿಂದ ಶಾಲೆಗೆ ಒಂದು ಪೊಟ್ಟಣ ಬಂತು. ಬಿಚ್ಚಿದರೆ ಬಾಕ್ಸಿಂಗಿನ ಕೈಗವಸು, ಒಂದೇ ಜೊತೆ. ನಮ್ಮ ಹೆಡ್‌ಮಾಸ್ತರರು ಬಂದದ್ದನ್ನು ಉಪಯೋಗಿಸದೆ ಬಿಡುವವರಲ್ಲ. ಸಾಹೇಬರು ಶಾಲೆ ನೋಡಲು ಬರುವ ದಿನವೇ ಬಾಕ್ಸಿಂಗ್ ಆಗಬೇಕೆಂದರು. ಇಬ್ಬರಿಗೆ ನಾಲ್ಕು ಗವಸು ಬೇಕಲ್ಲ ಸರ್ ಅಂದೆ. ಒಬ್ಬೊಬ್ಬರಿಗೆ ಒಂದೊಂದು ಹಾಕಿರಿ, ಹಂಚಿಕೊಂಡು ಆಡುವುದೂ ಒಂದು ಪಾಠ ಅಂದರು. ಎಡಗೈ ಗವಸು ಸಿಕ್ಕ ಹುಡುಗ ಬಲಗೈಯವ. ಆಟದ ಬಿಸಿಯಲ್ಲಿ ಮರೆತು ಬರಿಗೈಯಿಂದಲೇ ಎದುರಿನವನ ಮೂಗಿಗೆ ಕೊಟ್ಟ. ಏಟು ತಿಂದವ ತನ್ನ ಗವಸಿನಲ್ಲೇ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಸಾಹೇಬರು ಚಪ್ಪಾಳೆ ತಟ್ಟಿದರು. ಗವಸಿಲ್ಲದ ಕೈಯಿಂದ ಹೊಡೆದದ್ದು ತಪ್ಪೋ, ಗವಸು ಕೊಡದಿದ್ದದ್ದು ತಪ್ಪೋ ನನಗೆ ತಿಳಿಯದೆ ಇಬ್ಬರೂ ಗೆದ್ದರು ಎಂದುಬಿಟ್ಟೆ. ಆಮೇಲೆ ಹೆಡ್‌ಮಾಸ್ತರರು ಕೋಣೆಗೆ ಕರೆದು, ಇಬ್ಬರೂ ಗೆದ್ದರೆ ಸೋತವರು ಯಾರು, ನೀವೋ ನಾನೋ ಎಂದು ಕೇಳಿದರು.

ಕುಸ್ತಿಯಲ್ಲಿ ಹಾಗಾಗುವುದಿಲ್ಲ ಎಂದು ಆ ಕಡೆ ಹೋದೆ. ಬೆನ್ನಿಗೆ ಮಣ್ಣು ಹತ್ತಿದವ ಸೋತ, ಹತ್ತಿಸಿದವ ಗೆದ್ದ. ಇದರಲ್ಲಿ ಗೊಂದಲಕ್ಕೆ ಜಾಗ ಎಲ್ಲಿದೆ ಎಂದುಕೊಂಡಿದ್ದೆ. ಗೊಂದಲ ಆಟಕ್ಕಿಂತ ಮೊದಲೇ ಇತ್ತು. ನಮ್ಮ ಮಣ್ಣಿನ ಕಣದಲ್ಲಿ ತೂಕ ಅಳೆಯುವ ಪದ್ಧತಿ ಇರಲಿಲ್ಲ. ಬಂದ ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿ, ಇವನಿಗೆ ಇವನು ಸರಿ ಎಂದು ಪಂಚನೇ ಜೋಡಿ ಹಚ್ಚಬೇಕು. ಮೊದಲ ಸಲ ಶಿರೋಳದಲ್ಲಿ ನನ್ನ ಕೈಗೆ ಆ ಕೆಲಸ ಬಂತು. ಎತ್ತರಕ್ಕೆ ಎತ್ತರ, ಹೊಟ್ಟೆಗೆ ಹೊಟ್ಟೆ ನೋಡಿ ಒಂದು ಜೋಡಿ ಹಚ್ಚಿದೆ. ಹಲಗಿ ಬಾರಿಸುವವ ಕೋಲು ಎತ್ತುವುದರೊಳಗೆ ಒಬ್ಬ ಆಕಾಶ ನೋಡುತ್ತ ಮಲಗಿದ್ದ. ಬಿದ್ದವನ ಊರಿನವರು ನನ್ನನ್ನು ಬಸ್ ಸ್ಟ್ಯಾಂಡಿನ ತನಕ ಬೈಯುತ್ತ ಕಳಿಸಿಕೊಟ್ಟರು.

ನನಗೆ ಈ ಕೆಲಸ ಕಲಿಸಿದವರು ಗಜೇಂದ್ರಗಡದ ಗರಡಿಯ ಗುರು, ವಸ್ತಾದ ರಾಜೇಸಾಬರು. ಅವರು ಈಗಿಲ್ಲ. ಹೊಟ್ಟೆ ನೋಡಬೇಡ, ಕುತ್ತಿಗೆ ಹಿಡಿದು ನೋಡು, ಜೋರು ಅಲ್ಲಿರುತ್ತದೆ ಅಂದರು. ಮರುವರ್ಷ ಕುತ್ತಿಗೆ ಹಿಡಿದು ಜೋಡಿ ಹಚ್ಚಿದೆ. ಯಾಕೆ ಕುತ್ತಿಗೆ ಹಿಡಿಯುತ್ತೀ, ಹಿಮ್ಮಡ ನೆಲಕ್ಕೆ ಹ್ಯಾಗೆ ಕಚ್ಚುತ್ತದೆ ನೋಡಬೇಕಲ್ಲ ಎಂದು ಅವರೇ ಬೈದರು. ಹೋದ ವರ್ಷ ಬೇರೆ ಹೇಳಿದ್ದಿರಿ ಅಂದರೆ, ಹೋದ ವರ್ಷದ ಪೈಲ್ವಾನರೇ ಬೇರೆ ಅಂದರು. ಅವರ ಮಾತು ಹುರುಳಿಲ್ಲದ್ದೋ ಆಳವಾದದ್ದೋ ನಿರ್ಧರಿಸಲಿಕ್ಕೆ ನನ್ನಿಂದ ಆಗಿಲ್ಲ. ಆದರೆ ಅವರು ಹಚ್ಚಿದ ಜೋಡಿಗಳು ಒಳ್ಳೆಯ ಹೊತ್ತು ಹಿಡಿದು ಆಡುತ್ತಿದ್ದವು.

ಆಮೇಲೆ ತೂಕದ ಕಾಲ ಬಂತು. ಮ್ಯಾಟು ಬಂತು, ಪಾಯಿಂಟು ಬಂತು. ಇಂತಿಷ್ಟು ಕಿಲೋದವ ಇಂತಿಷ್ಟು ಕಿಲೋದವನ ಕೂಡ ಎಂದು ನಿಯಮವಾಯಿತು. ನನ್ನ ಎದೆಯ ಮೇಲಿನ ಭಾರ ಇಳಿಯಿತು ಅನ್ನಿ. ನರಗುಂದದಲ್ಲಿ ಮೊದಲ ಸಲ ತೂಕದ ಕುಸ್ತಿ ಆದಾಗ ಊರಲ್ಲಿ ಮನುಷ್ಯರನ್ನು ತೂಗುವ ದೊಡ್ಡ ಕಾಟಾ ಸಿಗಲಿಲ್ಲ. ಕಾಳಿನ ಪೇಟೆಯಿಂದ ಚೀಲ ತೂಗುವ ಕಾಟಾ ತಂದರು, ಜೊತೆಗೆ ತೂಗುವ ಹಮಾಲನನ್ನೂ ಕರೆತಂದರು. ಆ ಪುಣ್ಯಾತ್ಮ ರೂಢಿಯಂತೆ ಪ್ರತಿ ಪೈಲ್ವಾನನ ತೂಕದಲ್ಲಿ ಚೀಲದ್ದಿಷ್ಟು, ಕಾಳಿನ ಹಸಿಯದ್ದಿಷ್ಟು ಎಂದು ಕಳೆದು ಕೂಗುತ್ತಿದ್ದ. ಅದು ನನಗೆ ಗೊತ್ತಾಗುವುದರೊಳಗೆ ಅರ್ಧ ಜನರ ತೂಕ ಆಗಿಹೋಗಿತ್ತು. ಮತ್ತೆ ಮೊದಲಿನಿಂದ ತೂಗೋಣ ಎಂದರೆ ಅಷ್ಟರಲ್ಲಿ ಅರ್ಧ ಜನ ಊಟ ಮಾಡಿ ಬಂದಿದ್ದರು. ಯಾವ ತೂಕ ಖರೆ ಎಂದು ನಿಲ್ಲಿಸಿ ಕೇಳಿದರೆ ಹಮಾಲ ಮುಂದಿನವನನ್ನು ಕಾಟಾ ಏರಿಸಿದ.

ಈಗ ಗಡಿಗೆಪ್ಪನ ಮಾತು. ಪ್ರಾಯದಲ್ಲಿ ಅವನು ಬಾಗಿಲಿನಲ್ಲಿ ನಿಂತರೆ ಮನೆಯೊಳಗೆ ದೀಪ ಹಚ್ಚಬೇಕಾಗುತ್ತಿತ್ತು. ಊರ ಗರಡಿಯಲ್ಲಿ ತಾಲೀಮಿಗೆ ಇಬ್ಬಿಬ್ಬರನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದ. ಆದರೆ ಕಣಕ್ಕೆ ಬಂದರೆ ಅವನಿಗೆ ಜೋಡಿ ಇಲ್ಲ. ಜೋಡಿ ಸಿಗದ ಪೈಲ್ವಾನನಿಗೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಪಂಚ ಅವನ ಕೈ ಮೇಲೆತ್ತಿ ಹಿಡಿದು ಕಣ ಸುತ್ತಿಸಬೇಕು, ಮೂರು ಸಲ ಕೂಗಬೇಕು. "ಗಡಿಗೆಪ್ಪಗ ಜೋಡಿ ಯಾರರ ಅದೀರೇನ್ರಿ?" ಮೂರನೆಯ ಕೂಗಿಗೂ ಯಾರೂ ಏಳದಿದ್ದರೆ ತಲೆಗೆ ರುಮಾಲು ಸುತ್ತಿ, ತೆಂಗಿನಕಾಯಿ ಕೊಟ್ಟು ಗೌರವದಿಂದ ಕಳಿಸಬೇಕು. ಹಂಗಾಮಿಗೆ ಹಂಗಾಮು ನಾನೇ ಅವನ ಕೈ ಹಿಡಿದು ಸುತ್ತಿಸಿದ್ದೇನೆ. ಜನ ಶಿಳ್ಳೆ ಹೊಡೆಯುತ್ತಿದ್ದರು, ಹಲಗಿ ಬಡಿಯುತ್ತಿದ್ದರು. ಅವನ ಕೈ ಮಾತ್ರ ನನ್ನ ಕೈಯಲ್ಲಿ ಬೆವರುತ್ತಿತ್ತು. ಮೂರನೆಯ ಕೂಗು ಮುಗಿದ ಮೇಲೆ ಅವನು ಕತ್ತು ಬಗ್ಗಿಸಿ ರುಮಾಲು ಸುತ್ತಿಸಿಕೊಂಡು ಹೋಗಿಬಿಡುತ್ತಿದ್ದ. ಅವನಂಥ ಪೈಲ್ವಾನ ಇಲ್ಲ ಎಂದು ಕೆಲವರು, ಬರೀ ಮೈ ಬೆಳೆಸಿಕೊಂಡಾನ, ಒಳಗೇನೂ ಇಲ್ಲ ಎಂದು ಕೆಲವರು. ಎರಡೂ ಅವನ ಕಿವಿಗೆ ಬೀಳುತ್ತಿದ್ದವು.

ನರಗುಂದದ ಆ ತೂಕದ ಕುಸ್ತಿಗೂ ಬಂದಿದ್ದ. ಭಾರಿ ತೂಕದವರಲ್ಲಿ ಯಾರಾದರೂ ಸಿಗುತ್ತಾರೆ ಎಂಬ ಆಸೆ. ಅವನು ಕಾಟಾ ಏರಿದ ಕೂಡಲೇ ಒಬ್ಬನಿಗೆ ಹೊಟ್ಟೆನೋವು ಬಂತು, ಒಬ್ಬನಿಗೆ ಊರಿನಿಂದ ಕರೆ ಬಂತು, ಒಬ್ಬ ಹೇಳದೇ ಕೇಳದೇ ಮಾಯವಾದ. ಮತ್ತೆ ರುಮಾಲು. ಅದಾದ ಮೇಲೆ ಗಡಿಗೆಪ್ಪ ಯಾವ ಕಣಕ್ಕೂ ಬರಲಿಲ್ಲ.

ಮೊಳೆಯ ನಿರ್ಣಯ ಹೇಳುವ ಮೊದಲು ಅವನನ್ನು ಒಮ್ಮೆ ಕಂಡು ಬರೋಣ ಎಂದು ಲಕ್ಕಲಕಟ್ಟಿಗೆ ಹೋದೆ. ಕಟ್ಟೆಯ ಮೇಲೆ ಕುಂತಿದ್ದ. ಮೈ ಇಳಿದು ಚರ್ಮ ಜೋತಿತ್ತು, ಅಂಗೈ ಮಾತ್ರ ಅಷ್ಟೇ ದೊಡ್ಡದು. ಫೋಟೋದ ಸುದ್ದಿ ಹೇಳಿದೆ. ಅವನ ಹೆಂಡತಿ ಗಂಗವ್ವ ಚಹಾ ತಂದವಳು ನಿಂತು ಕೇಳಿಸಿಕೊಂಡಳು. ಮನೆಯಲ್ಲಿ ಎಲ್ಲಿ ನೋಡಿದರೂ ಹಳೆಯ ರುಮಾಲುಗಳು. ಒಂದು ಕಿಟಕಿಗೆ ಪರದೆ, ಒಂದು ಮೊಮ್ಮಗುವಿನ ತೊಟ್ಟಿಲಿಗೆ ಕಟ್ಟಿದ್ದು, ಒಂದು ಹಪ್ಪಳ ಒಣಗಿಸಲು ಹಾಸಿದ್ದು.

"ಬ್ಯಾರೆ ಪೈಲ್ವಾನರ ಹೆಂಡಂದಿರು ಗಂಡನ ಅರಿವ್ಯಾಗಿನ ಮಣ್ಣ ಒಗದ್ರು. ನಾ ಬರೇ ರುಮಾಲ ಒಗದ್ನಿ," ಅಂದಳು. ನಗುತ್ತಲೇ ಅಂದಳು. ಗಡಿಗೆಪ್ಪ ನಗಲಿಲ್ಲ.

ಆಕೆ ಒಳಗೆ ಹೋದ ಮೇಲೆ ಅವನು ನನ್ನ ಕಡೆ ಸರಿದು ಕುಂತ. "ಫೋಟೋ ಹಾಕಬ್ಯಾಡ್ರಿ ಮಾಸ್ತರ. ಹಾಕಿದ್ರ ಅದರ ಕೆಳಗ ಏನಂತ ಬರೀತೀರಿ? ನಾ ಪೈಲ್ವಾನ ಹೌದೋ ಅಲ್ಲೋ ನನಗಽ ಗೊತ್ತಿಲ್ಲ."

ನೀನು ಸೋತೇ ಇಲ್ಲವಲ್ಲ ಅಂದೆ.

"ಗೆದ್ದೂ ಇಲ್ಲಲ್ರಿ. ಸಾಯೂದ್ರೊಳಗ ಒಂದು ಜೋಡಿ ಹಚ್ಚರಿ. ಬಿದ್ರೂ ಚಿಂತಿಲ್ಲ. ಜೋಡಿ ಹಚ್ಚೂದು ನಿಮ್ಮ ಕೆಲಸ ಅಲ್ಲೇನ್ರಿ?"

ಎಪ್ಪತ್ತು ದಾಟಿದ ಮನುಷ್ಯನಿಗೆ ಕುಸ್ತಿಯೇ ಎಂದು ಬೈದು ಬರಬೇಕಾಗಿತ್ತು. ನೋಡೋಣ ಎಂದು ಹೇಳಿ ಎದ್ದೆ. ಬಸ್ಸಿನಲ್ಲಿ ಕುಂತು ಲೆಕ್ಕ ಹಾಕಿದೆ. ಎಷ್ಟು ಸಲ ಅವನ ಬೆವರುವ ಕೈ ಹಿಡಿದು ಸುತ್ತಿಸಿದೆ, ಅದು ಗೌರವವೋ ಶಿಕ್ಷೆಯೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮರುದಿನ ದಾವಲಸಾಬನ ಅಂಗಡಿಗೆ ಹೋದೆ. ಅವನು ತಗಡಿನ ಟ್ರಂಕು ಮಾಡುತ್ತಾನೆ. ಮೊಣಕಾಲು ಹಿಡಿದು ಈಗ ಬಹಳ ಓಡಾಡುವುದಿಲ್ಲ. ಫೋಟೋದ ಮಾತು ಎತ್ತಿದರೆ, ಅವನು ನೇರ ಗಡಿಗೆಪ್ಪ ಹ್ಯಾಂಗಿದ್ದಾನೆ ಎಂದು ಕೇಳಿದ. ಗಡಿಗೆಪ್ಪ ಜೋಡಿ ಕೇಳಿದ್ದನ್ನು ಹೇಳಿದೆ. ದಾವಲಸಾಬ ಸುತ್ತಿಗೆ ಕೆಳಗಿಟ್ಟ.

"ಅವತ್ತ ನರಗುಂದದಾಗ ಹೊಟ್ಟಿ ಬ್ಯಾನಿ ಅಂದಾಂವ ನಾನಽ ಅಲ್ರಿ ಮಾಸ್ತರ, ನೆನಪಿಲ್ಲೇನು? ಗದಾ ತಂದು ಮನ್ಯಾಗಿಟ್ಟೀನಿ ಖರೇ. ಅದನ್ನ ನೋಡಿದಾಗೆಲ್ಲಾ ಗಡಿಗೆಪ್ಪನ ನೆನಪಾಗ್ತೈತಿ. ಅಂವ ರುಮಾಲ ಸುತ್ತಿಸಿಕೊಂಡ ಹೋದಮ್ಯಾಲ ನಾ ಕಣಕ್ಕಿಳದ್ನಿ. ಅಂವ ಆಡಿದ್ದಿಲ್ಲ, ಅದಕ್ಕ ನನಗ ಸಿಕ್ತು."

ಕುಸ್ತಿ ಯಾವತ್ತು ಎಂದು ಅವನೇ ಕೇಳಿದ. ನಿನ್ನ ಮೊಣಕಾಲು ಎಂದೆ. ಮೊಣಕಾಲು ನನ್ನದು, ನೀವು ಚಿಂತಿ ಮಾಡಬ್ಯಾಡ್ರಿ ಅಂದ.

ಎತ್ತುವುದು, ಒಗೆಯುವುದು, ಕಾಲು ಹಾಕುವುದು ಯಾವುದೂ ಇಲ್ಲ, ಕುತ್ತಿಗೆ ಹಿಡಿದು ದೂಡುವುದಷ್ಟೇ ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡೆ. ಮೆಹಬೂಬ ಹಳೆಯ ಗರಡಿಯ ಕೆಂಪು ಮಣ್ಣನ್ನು ಅಗೆದು, ಎಣ್ಣೆ, ಮಜ್ಜಿಗೆ, ಅರಿಶಿಣ ಬೆರೆಸಿ ಹಾಸಿಗೆಯಷ್ಟು ಮೆತ್ತಗೆ ಮಾಡಿದ. ಒಂದು ಭಾನುವಾರ ಮುಂಜಾನೆ ಗಡಿಗೆಪ್ಪ ಬಸ್ಸಿನಲ್ಲಿ ಬಂದ. ವಯಸ್ಸಿಗೆ ನಾಚಿ ಬಿಳಿ ಬನಿಯನ್ ಮೇಲೆಯೇ ಕಣಕ್ಕೆ ಇಳಿದ. ದಾವಲಸಾಬ ಒಂದು ಮೂಲೆಯಲ್ಲಿ ಎಲ್ಲರ ನಡುವೆ ಕುಂತಿದ್ದ. ಅವನೇ ಜೋಡಿ ಎಂದು ಗಡಿಗೆಪ್ಪನಿಗೂ ಗೊತ್ತಿತ್ತು. ಆದರೂ ಪದ್ಧತಿ ಬಿಡಬೇಡಿ ಎಂದು ಅವನು ತನ್ನ ಕೈ ತಾನೇ ನನಗೆ ಕೊಟ್ಟ.

ಕೈ ಎತ್ತಿ ಹಿಡಿದು ಸುತ್ತಿಸಿದೆ. ಒಂದು ಸಲ ಕೂಗಿದೆ. ಎರಡು ಸಲ ಕೂಗಿದೆ. ಯಾರೂ ಏಳಲಿಲ್ಲ. ಆ ಕೈ ಮೊದಲಿನ ಹಾಗೆಯೇ ಬೆವರಿತು. ಮೂರನೆಯದನ್ನೂ ಕೂಗಿದೆ.

"ಅದೀನ್ರಿ," ಎಂದು ದಾವಲಸಾಬ ಗೋಡೆ ಹಿಡಿದು ಎದ್ದ.

ಇಬ್ಬರೂ ಮಣ್ಣು ಮುಟ್ಟಿ ನಮಸ್ಕರಿಸಿ, ಕೈ ತಾಗಿಸಿ, ಒಬ್ಬರ ಕುತ್ತಿಗೆಗೆ ಒಬ್ಬರು ಕೈ ಹಾಕಿ ನಿಂತರು. ನಿಂತೇ ನಿಂತರು. ಒಮ್ಮೆ ಇವನು ಒಂದು ಹೆಜ್ಜೆ ಹಿಂದೆ, ಒಮ್ಮೆ ಅವನು. ನಾನು ದಾವಲಸಾಬನ ಮೊಣಕಾಲಿನ ಮೇಲೆಯೇ ಕಣ್ಣಿಟ್ಟು ಬಗ್ಗಿ ನಿಂತಿದ್ದೆ. ಅದು ನಡುಗಿತು. ನಿಲ್ಲಿಸೋಣ ಎಂದು ಶಿಳ್ಳೆ ಬಾಯಿಗೆ ಹಾಕುವುದರೊಳಗೆ ಧಪ್ಪೆಂದಿತು. ನೋಡಿದರೆ ಗಡಿಗೆಪ್ಪ ಬೆನ್ನಿನ ಮೇಲೆ ಮಲಗಿದ್ದ, ದಾವಲಸಾಬ ಅವನ ಪಕ್ಕಕ್ಕೆ ಅಂಗೈ ಊರಿದ್ದ.

ಎಲ್ಲರೂ ಗಾಬರಿಯಾಗಿ ಎದ್ದರು. ಮೆಹಬೂಬ ನೀರು ತರಲು ಓಡಿದ. ಗಡಿಗೆಪ್ಪ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ.

"ಬಿದ್ನಲ್ರಿ ಮಾಸ್ತರ? ಪೂರ್ತಿ ಬಿದ್ನೋ ಇಲ್ಲೋ ನೋಡ್ರಿ."

ನೋಡುವ ಪದ್ಧತಿ ಒಂದಿದೆ. ಪಂಚ ಬಿದ್ದವನ ಭುಜದ ಕೆಳಗೆ ಅಂಗೈ ತೂರಿಸಬೇಕು. ಕೈ ಹೋದರೆ ಕುಸ್ತಿ ಇನ್ನೂ ಇದೆ, ಹೋಗದಿದ್ದರೆ ಮುಗಿಯಿತು. ಒಂದು ಭುಜಕ್ಕೆ ತೂರಿಸಿದೆ, ಹೋಗಲಿಲ್ಲ. ಇನ್ನೊಂದಕ್ಕೆ ತೂರಿಸಿದೆ, ಹೋಗಲಿಲ್ಲ. ಎದ್ದು ದಾವಲಸಾಬನ ಕೈ ಮೇಲೆತ್ತಿದೆ. ನನ್ನ ಆಯುಷ್ಯದಲ್ಲಿ ಅಷ್ಟು ಸ್ಪಷ್ಟವಾಗಿ ಇನ್ನೊಂದು ನಿರ್ಣಯ ಹೇಳಿದ ನೆನಪಿಲ್ಲ. ಗಡಿಗೆಪ್ಪ ನೆಲದ ಮೇಲೆಯೇ ನಗುತ್ತಿದ್ದ, ಕಣ್ಣಿನ ನೀರು ಎರಡೂ ಕಿವಿಗೆ ಇಳಿಯುತ್ತಿತ್ತು.

ಆ ಸ್ಪಷ್ಟತೆ ಚಹಾ ಬರುವ ತನಕ ಉಳಿಯಿತು. ದಾವಲಸಾಬ ನನ್ನನ್ನು ಪಕ್ಕಕ್ಕೆ ಕರೆದು, ನಾನು ಕೆಡವಲಿಲ್ಲ, ನನ್ನ ಮೊಣಕಾಲು ನಡುಗಿದ್ದು ತಿಳಿದು ಗಡಿಗೆಪ್ಪ ತಾನೇ ಮಲಗಿದ ಅಂದ. ಅದು ಗಡಿಗೆಪ್ಪನ ಕಿವಿಗೆ ಬಿತ್ತು. ಇಷ್ಟು ವರ್ಷ ಕಾದು ಮಲಗಲಿಕ್ಕೆ ಬಂದೇನೇನು ಎಂದು ಸಿಟ್ಟಾದ. ಮಾಸ್ತರರು ಹತ್ತಿರ ಇದ್ದರಲ್ಲ, ಅವರನ್ನೇ ಕೇಳೋಣ ಎಂದು ಸುತ್ತಲಿದ್ದವರು ಅಂದರು. ನಾನು ನೋಡುತ್ತಿದ್ದದ್ದು ಮೊಣಕಾಲನ್ನು. ಬಿದ್ದದ್ದು ಕಂಡೆ, ಬೀಳುವುದನ್ನು ಕಾಣಲಿಲ್ಲ.

ಅತ್ತ ಮೊಳೆಯ ಕೆಳಗೆ ಜಗಳ ಹೊಸದಾಗಿ ಶುರುವಾಗಿತ್ತು. ಈಗ ಮೆಹಬೂಬ ದಾವಲಸಾಬನ ಕಡೆ, ಯಾಕೆಂದರೆ ಒಮ್ಮೆಯೂ ಸೋಲದವನನ್ನು ಸೋಲಿಸಿದವ ಅವನು. ವೀರೇಶ ಗಡಿಗೆಪ್ಪನ ಕಡೆ, ಯಾಕೆಂದರೆ ಈಗ ಅವನು ಸೋತು ಎದ್ದವ. ನೀವು ಹೇಳಿರಿ ಮಾಸ್ತರ ಅಂದರು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಗಡಿಗೆಪ್ಪನನ್ನು ಕರೆದುಕೊಂಡು ಹೊರಟೆ. ಮೊಳೆ ಈಗಲೂ ಖಾಲಿ ಇದೆ. ಹೊಸ ಮಾಸ್ತರರೇ, ನಿಮ್ಮಲ್ಲಿ ಯಾರಿಗಾದರೂ ನಿರ್ಣಯ ಹೊಳೆದರೆ ದಯಮಾಡಿ ಬಂದು ಹೇಳಿಹೋಗಿ.

ಬೆನ್ನು ಝಾಡಿಸುತ್ತೇನೆ ಎಂದು ಮೆಹಬೂಬ ಟವೆಲ್ ತಂದರೆ ಗಡಿಗೆಪ್ಪ ಕೊಡಲಿಲ್ಲ. ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಬನಿಯನ್ನಿನಲ್ಲೇ ಬಸ್ ಏರಿದ. ಲಕ್ಕಲಕಟ್ಟಿಯ ತನಕ ಸೀಟಿಗೆ ಬೆನ್ನು ತಾಗಿಸದೆ ನೆಟ್ಟಗೆ ಕುಂತಿದ್ದ. ಒರಗಿ ಕುಂದರು ಅಂದೆ. ಒಲ್ಲೆ ಎಂದು ತಲೆ ಅಲ್ಲಾಡಿಸಿದ.

ಮನೆಗೆ ಹೋದಾಗ ಗಂಗವ್ವ ಹೊಸ್ತಿಲಲ್ಲಿ ನಿಂತಿದ್ದಳು. ಅವನು ಆಕೆಗೆ ಬೆನ್ನು ಮಾಡಿ ತಿರುಗಿ ನಿಂತ. ಬಿಳಿ ಬನಿಯನ್ನಿನ ಮೇಲೆ ಈ ಭುಜದಿಂದ ಆ ಭುಜದ ತನಕ ಕೆಂಪು ಮಣ್ಣು. ಆಕೆ ಹತ್ತಿರ ಬಂದು ಬೆರಳಿನಿಂದ ಮುಟ್ಟಿ ನೋಡಿದಳು. ಝಳಕಕ್ಕೆ ನೀರು ಕಾಯಿಸು ಅಂದ.

"ತಡೀರಿ, ಈಗಽ ಝಳಕಾ ಮಾಡಬ್ಯಾಡ್ರಿ," ಅಂದಳು. "ಬಾಜೂದ ಮನಿಯವ್ರನ್ನ ಕರಕೊಂಡ ಬರ್ತೀನಿ."